ಗುಡುಗಿಗಿಂತ ಹಿಂದೆ ಬಿದ್ದ ಬೆಳಕು

ಮಳೆಗಾಲದ ಒಂದು ಸಂಜೆ ನಮ್ಮ ನೆರೆಮನೆಯ ಉಪಾಧ್ಯಾಯಿನಿಯವರು ಉತ್ತರಪತ್ರಿಕೆಗಳ ಕಟ್ಟೊಂದನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಇಪ್ಪತ್ತು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನಗಳನ್ನು ಬೋಧಿಸುತ್ತಿರುವವರು; ಸಣ್ಣಪುಟ್ಟ ವಿಷಯಗಳಿಗೆ ಕಳವಳಗೊಳ್ಳುವವರಲ್ಲ. ಆದರೆ ಅಂದು ಅವರ ಮುಖ ಬಾಡಿದ್ದಿತು. ಕಟ್ಟಿನಿಂದ ಒಂದು ಪತ್ರಿಕೆಯನ್ನು ಎಳೆದು ನನ್ನ ಮುಂದಿರಿಸಿ, "ಇದನ್ನು ಸ್ವಲ್ಪ ನೋಡಿ. ಈ ಹುಡುಗಿಗೆ ನಾನು ಎಷ್ಟು ಅಂಕ ಕೊಡಲಿ?" ಎಂದರು.

ಪ್ರಶ್ನೆ ಸರಳವಾದದ್ದೇ. ಸೂರ್ಯನಿಗೂ ಭೂಮಿಗೂ ನಡುವಣ ದೂರ 15 ಕೋಟಿ ಕಿಲೋಮೀಟರ್. ಸೂರ್ಯನಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ಎಷ್ಟು ಕಾಲ ಹಿಡಿಯುವುದು? ತರಗತಿಯ ಬಹುಮಂದಿ ಮಕ್ಕಳು, ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ್ದಂತೆ, ಎಂಟು ನಿಮಿಷ ಇಪ್ಪತ್ತು ಸೆಕೆಂಡು ಎಂದು ಬರೆದಿದ್ದರು. ಈ ಹುಡುಗಿ ಮಾತ್ರ ಒಂದಿಡೀ ಪುಟ ಲೆಕ್ಕ ಮಾಡಿ, ಭಾಗಾಕಾರದಲ್ಲಿ ಒಂದು ಅಂಕಿಯೂ ತಪ್ಪದಂತೆ, ಸುಮಾರು 46 ಕೋಟಿ ಸೆಕೆಂಡು, ಅಂದರೆ ಹದಿನಾಲ್ಕೂವರೆ ವರ್ಷಗಳಿಗಿಂತ ತುಸು ಹೆಚ್ಚು ಎಂದು ಉತ್ತರಿಸಿದ್ದಳು. ಕೆಳಗೆ ಪುಟ್ಟ ಅಕ್ಷರಗಳಲ್ಲಿ ಒಂದು ಮಾತನ್ನೂ ಸೇರಿಸಿದ್ದಳು: "ಪುಸ್ತಕದಲ್ಲಿ ಬೇರೆ ಇದೆ. ಆದರೆ ಪ್ರಶ್ನೆಯಲ್ಲಿ ಕೊಟ್ಟಿರುವ ವೇಗಕ್ಕೆ ಇಷ್ಟೇ ಬರುತ್ತದೆ."

ಪ್ರಶ್ನೆಪತ್ರಿಕೆಯನ್ನು ತೆಗೆದು ನೋಡಿದೆವು. ಬೆಳಕಿನ ವೇಗ ಸೆಕೆಂಡಿಗೆ 3×108 ಮೀಟರ್ ಎಂದು ಅಚ್ಚಾಗಿದ್ದಿತು! ಇರಬೇಕಾಗಿದ್ದುದು 3×10⁸; ಅಂದರೆ ಮೂವತ್ತು ಕೋಟಿ ಮೀಟರ್. ಮೇಲೆ ಪುಟ್ಟದಾಗಿ ಕುಳಿತಿರಬೇಕಾದ ಎಂಟು ಕೆಳಗಿಳಿದು ಹತ್ತರ ಪಕ್ಕದಲ್ಲಿ ನಿಂತುಬಿಟ್ಟಿದ್ದಿತು. ಮೂರನ್ನು ನೂರ ಎಂಟರಿಂದ ಗುಣಿಸಿದರೆ 324. ಹಿತವಾದ ಬೆಚ್ಚಗಿನ ಗಾಳಿಯಲ್ಲಿ ಶಬ್ದವೇ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಆ ಪ್ರಶ್ನೆಪತ್ರಿಕೆಯ ಲೋಕದಲ್ಲಿ ಮೊದಲು ಗುಡುಗು ಕೇಳಿಸಿ ಆಮೇಲೆ ಮಿಂಚು ಕಾಣಿಸಬೇಕು!

ತಪ್ಪು ಯಾರದು? ಉಪಾಧ್ಯಾಯಿನಿಯವರು ಮನೆಯ ಗಣಕಯಂತ್ರದಲ್ಲಿ ಪ್ರಶ್ನೆಗಳನ್ನು ಸರಿಯಾಗಿಯೇ ಬೆರಳಚ್ಚು ಮಾಡಿದ್ದರು. ಎಂಟನ್ನು ಮೇಲಕ್ಕೇರಿಸಿದ್ದನ್ನು ತಮ್ಮ ಕಣ್ಣಾರೆ ನೋಡಿದ್ದರು. ಅದನ್ನು ಕಾಪಿ ಮಾಡಿ ಮೊಬೈಲಿನ ಸಂದೇಶವಾಗಿ ಶಾಲೆಯ ಕಚೇರಿಗೆ ಕಳುಹಿಸಿದರು. ಕಚೇರಿಯವರು ಬಂದದ್ದನ್ನು ಬಂದಂತೆಯೇ ಪತ್ರಿಕೆಯಲ್ಲಿ ಪೇಸ್ಟ್ ಮಾಡಿದರು. ಯಾರೂ ಒಂದಂಕಿಯನ್ನೂ ಬದಲಿಸಲಿಲ್ಲ. ಆದರೂ ದಾರಿಯಲ್ಲೆಲ್ಲೋ ಎಂಟು ಸದ್ದಿಲ್ಲದೆ ಮೆಟ್ಟಿಲಿಳಿಯಿತು. ಇದು ಹೇಗೆ ಸಾಧ್ಯ? ಮನೆಯಲ್ಲಿ ಮಕ್ಕಳು ಗಣಕಯಂತ್ರದ ಮುಂದೆ ಕುಳಿತು ಯೋಜನಾವರದಿಗಳನ್ನು ಬರೆಯುವ ಈ ಕಾಲದಲ್ಲಿ, ಅದನ್ನು ಅರಿತಿರುವುದು ನಮ್ಮೆಲ್ಲರಿಗೂ ಲೇಸು.

ಸಾಲಿನಲ್ಲಿ ನಿಲ್ಲದ ಬರಹ

ನಾವು ಓದುವ ಕಥೆ, ಪತ್ರ, ವರ್ತಮಾನಗಳೆಲ್ಲ ಒಂದು ಸಾಲಿನಲ್ಲಿ ಎಡದಿಂದ ಬಲಕ್ಕೆ ಹರಿಯುತ್ತವೆ. ಗಣಿತದ ಸೂತ್ರ ಹಾಗಲ್ಲ. ಅದಕ್ಕೆ ಅಗಲದಷ್ಟೇ ಎತ್ತರವೂ ಬೇಕು. ಅಂಶ ಮೇಲೆ, ಛೇದ ಕೆಳಗೆ, ನಡುವೆ ಗೆರೆ. ಘಾತಾಂಕ ಬಲಭುಜದ ಮೇಲೆ. ವರ್ಗಮೂಲದ ಚಿಹ್ನೆ ಚಪ್ಪರದಂತೆ ಎಷ್ಟು ದೂರ ಚಾಚಿದೆಯೋ ಅಷ್ಟಕ್ಕೆ ಮಾತ್ರ ಅದರ ಅಧಿಕಾರ. ಇಲ್ಲಿ ಒಂದು ಅಂಕಿ ಎಲ್ಲಿ ಕುಳಿತಿದೆ ಎಂಬುದೇ ಅದರ ಅರ್ಥ. ಕುಳಿತ ಜಾಗ ತಪ್ಪಿದರೆ ಅರ್ಥವೇ ತಪ್ಪಿತು.

ಹಿಂದೆ ಹೀಗಿರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನು ಆಳುತ್ತಿದ್ದಾಗ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದ್ದು ಸಂಸ್ಕೃತ ಶ್ಲೋಕಗಳಲ್ಲಿ. ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನು. ಅಲ್ಲಿ ನಿಯಮಗಳೆಲ್ಲ ಮಾತಿನಲ್ಲಿಯೇ ಇದ್ದುವು. ಅವನ್ನು ಕಂಠಪಾಠ ಮಾಡಬಹುದು, ಒಬ್ಬರಿಂದೊಬ್ಬರಿಗೆ ಹೇಳಬಹುದು. ಮೇಲೆ ಕೆಳಗೆ ಎಂಬ ತಾಪತ್ರಯ ಕಡಿಮೆ.

ಇಂದಿನ ಚಿಹ್ನೆಗಳು ಬಂದದ್ದು ಬಹಳ ತಡವಾಗಿ. ಕೂಡುವ, ಕಳೆಯುವ ಗುರುತುಗಳು ಜರ್ಮನಿಯಲ್ಲಿ ಯೋಹಾನೆಸ್ ವಿಡ್‌ಮನ್ನನ ಪುಸ್ತಕದಲ್ಲಿ ಅಚ್ಚಾದದ್ದು 1489ರಲ್ಲಿ. ಸಮಚಿಹ್ನೆಯನ್ನು 1557ರಲ್ಲಿ ಬಳಕೆಗೆ ತಂದವನು ವೇಲ್ಸ್ ದೇಶದ ರಾಬರ್ಟ್ ರೆಕಾರ್ಡ್. ಒಂದೇ ಉದ್ದದ ಎರಡು ಸಮಾನಾಂತರ ರೇಖೆಗಳಿಗಿಂತ ಸಮನಾದದ್ದು ಇನ್ನಾವುದಿದೆ ಎಂಬುದು ಅವನ ವಾದ. ಘಾತಾಂಕವನ್ನು ಪುಟ್ಟ ಅಂಕಿಯಾಗಿ ಮೇಲೆ ಕೂರಿಸುವ ರೂಢಿ 1637ರಲ್ಲಿ ಪ್ರಕಟವಾದ ಡೇಕಾರ್ಟನ ರೇಖಾಗಣಿತದಿಂದ ನೆಲೆಗೊಂಡಿತು. ಈ ಚಿಹ್ನೆಗಳಿಂದ ಗಣಿತಜ್ಞರ ಕೆಲಸ ಹಗುರವಾಯಿತು. ಆದರೆ ಅಚ್ಚುಕೂಟದವರ ತಲೆನೋವು ಅಂದಿನಿಂದ ಮೊದಲಾಯಿತು.

ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ ಕಾಲವನ್ನು ನೆನೆಯಿರಿ. ಮಾಮೂಲು ಸಾಲನ್ನು ನುರಿತ ಕೈ ಸರಸರನೆ ಜೋಡಿಸಿಬಿಡುತ್ತಿತ್ತು. ಸೂತ್ರ ಬಂದರೆ ಬೇರೆ ಬೇರೆ ಗಾತ್ರದ ಮೊಳೆಗಳನ್ನು ಹುಡುಕಿ, ಒಂದರ ಮೇಲೊಂದನ್ನು ಪೇರಿಸಿ, ಸಂದುಗಳಿಗೆಲ್ಲ ಸೀಸದ ಚೂರುಗಳನ್ನು ತುರುಕಿ ಬಿಗಿಯಬೇಕಾಗಿತ್ತು. ಇಂಗ್ಲಿಷ್ ಮುದ್ರಕರ ಪರಿಭಾಷೆಯಲ್ಲಿ ಇಂತಹ ಹಸ್ತಪ್ರತಿಗೆ 'ದಂಡದ ಪ್ರತಿ' ಎಂಬರ್ಥದ ಹೆಸರೇ ಇದ್ದಿತು. ಅದಕ್ಕೆ ಕೂಲಿ ಹೆಚ್ಚು. ಟೈಪ್‌ರೈಟರ್ ಬಂದ ಮೇಲೂ ಕಷ್ಟ ತಪ್ಪಲಿಲ್ಲ. ಘಾತಾಂಕ ಬಂದಾಗ ಉರುಳೆಯನ್ನು ಅರ್ಧ ಸಾಲಿನಷ್ಟು ತಿರುಗಿಸಿ, ಅಂಕಿಯನ್ನೊತ್ತಿ, ಮತ್ತೆ ಹಿಂದಕ್ಕೆ ತಿರುಗಿಸಬೇಕು. ಎಷ್ಟೋ ಮಂದಿ ಸಂಶೋಧಕರು ಸೂತ್ರದ ಜಾಗವನ್ನು ಖಾಲಿ ಬಿಡಿಸಿ, ಆಮೇಲೆ ಮಸಿಯ ಲೇಖನಿಯಿಂದ ತಾವೇ ಬರೆದು ತುಂಬುತ್ತಿದ್ದರು.

ಒಬ್ಬ ಗ್ರಂಥಕರ್ತನ ಅಸಮಾಧಾನ

ಈ ಕಥೆಯ ದಿಕ್ಕನ್ನು ತಿರುಗಿಸಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಕ್ನೂತ್. ಗಣಕವಿಜ್ಞಾನದ ಬಗೆಗೆ ಅವರು ಬರೆಯುತ್ತಿದ್ದ ಮಹಾಗ್ರಂಥದ ಮೊದಲ ಸಂಪುಟಗಳು ಸೀಸದ ಮೊಳೆಗಳಲ್ಲಿ ಅಂದವಾಗಿ ಮುದ್ರಣಗೊಂಡಿದ್ದುವು. 1977ರಲ್ಲಿ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಕೈಗೆ ಬಂದಿತು. ಅಷ್ಟರಲ್ಲಿ ಪ್ರಕಾಶಕರು ಛಾಯಾಕ್ಷರಜೋಡಣೆಯ ಹೊಸ ವಿಧಾನಕ್ಕೆ ತಿರುಗಿದ್ದರು. ಪುಟಗಳು ಕ್ನೂತರ ಕಣ್ಣಿಗೆ ತೀರ ಕಳಪೆಯಾಗಿ ಕಂಡುವು. ಮತ್ತೊಬ್ಬರಾಗಿದ್ದರೆ ಪ್ರಕಾಶಕರಿಗೆ ಒಂದು ಬಿಸಿ ಪತ್ರ ಬರೆದು ಸುಮ್ಮನಾಗುತ್ತಿದ್ದರೇನೋ. ಕ್ನೂತರು, ಸೂತ್ರಗಳನ್ನು ಜೋಡಿಸುವ ಕೆಲಸವನ್ನು ಗಣಕಯಂತ್ರಕ್ಕೇ ಕಲಿಸಿಬಿಡುತ್ತೇನೆಂದು ಹೊರಟರು. ಬೇಗನೆ ಮುಗಿದೀತೆಂದುಕೊಂಡಿದ್ದ ಆ ಕೆಲಸ ಅವರ ಬಾಳಿನ ಸುಮಾರು ಹತ್ತು ವರ್ಷಗಳನ್ನು ನುಂಗಿತು.

ಅವರು ರಚಿಸಿದ ತಂತ್ರಾಂಶದ ಹೆಸರು 'ಟೆಖ್'. 1978ರಲ್ಲಿ ಅದರ ಮೊದಲ ರೂಪ ಸಿದ್ಧವಾಯಿತು. ಹೆಸರಿನ ಮೂಲ ಗ್ರೀಕ್. ಕಲೆ, ಕೌಶಲ ಎರಡನ್ನೂ ಸೂಚಿಸುವ ಪದ. ಅದನ್ನು ಅವರು ಲೋಕಕ್ಕೆ ಉಚಿತವಾಗಿ ಕೊಟ್ಟುಬಿಟ್ಟರು. ತಪ್ಪು ಹುಡುಕಿ ಕೊಟ್ಟವರಿಗೆ 2.56 ಡಾಲರುಗಳ ಚೆಕ್ ಕಳುಹಿಸುವ ಪದ್ಧತಿಯೊಂದನ್ನು ಇಟ್ಟುಕೊಂಡರು. ಅಂತಹ ಚೆಕ್ಕುಗಳನ್ನು ನಗದು ಮಾಡಿಕೊಳ್ಳದೆ ಚೌಕಟ್ಟು ಹಾಕಿಸಿಟ್ಟುಕೊಂಡವರೇ ಅನೇಕರು. ತಂತ್ರಾಂಶವನ್ನು ತಿದ್ದಿದಂತೆಲ್ಲ ಅದರ ಆವೃತ್ತಿಯ ಸಂಖ್ಯೆಗೆ ಒಂದೊಂದು ಅಂಕಿ ಸೇರುತ್ತದೆ: 3.1, 3.14, 3.141 ಎಂದು, ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತದತ್ತ ಅದು ಸಾಗುತ್ತಿದೆ.

ಕ್ನೂತರ ಉಪಾಯದ ತಿರುಳು ಇಷ್ಟು: ಬರೆಯುವವನು ಸೂತ್ರದ ಚಿತ್ರವನ್ನು ಬಿಡಿಸಬೇಕಾಗಿಲ್ಲ; ಸೂತ್ರದಲ್ಲಿ ಯಾವುದು ಯಾವುದಕ್ಕೆ ಏನಾಗಬೇಕೆಂಬುದನ್ನು ಸಾಧಾರಣ ಕೀಲಿಗಳಿಂದ ಒಂದೇ ಸಾಲಿನಲ್ಲಿ ಹೇಳಿದರೆ ಸಾಕು. ಇದು ಅಂಶ, ಇದು ಛೇದ, ಇದು ಘಾತಾಂಕ ಎಂದರೆ, ಎಲ್ಲಿ ಕೂರಿಸಬೇಕು, ಎಷ್ಟು ಕಿರಿದಾಗಿಸಬೇಕು ಎಂಬುದನ್ನು ಯಂತ್ರವೇ ನೋಡಿಕೊಳ್ಳುತ್ತದೆ.

ವೇಷ ಬೇರೆ, ಅರ್ಥ ಬೇರೆ

ನಮ್ಮ ಮನೆ, ಶಾಲೆ, ಕಚೇರಿಗಳಲ್ಲಿ ಬಳಕೆಯಲ್ಲಿರುವುದು ವರ್ಡ್, ಲಿಬ್ರೆ ಆಫೀಸ್ ಮುಂತಾದ ಬರಹದ ತಂತ್ರಾಂಶಗಳು. ಇವುಗಳಲ್ಲಿ ಸೂತ್ರವನ್ನು ಸೇರಿಸಲು ಮೂರು ದಾರಿಗಳಿವೆ. ಮೂರೂ ತೆರೆಯ ಮೇಲೆ ಹೆಚ್ಚು ಕಡಮೆ ಒಂದೇ ತೆರನಾಗಿ ಕಾಣುತ್ತವೆ. ಅಪಾಯವಿರುವುದೇ ಅಲ್ಲಿ.

ಮೊದಲನೆಯದು ವೇಷ ಹಾಕುವ ದಾರಿ. ಅಂಕಿಯನ್ನು ಆರಿಸಿ, ಅದನ್ನು ಕಿರಿದಾಗಿಸಿ ಮೇಲಕ್ಕೇರಿಸುವ ಗುಂಡಿಯನ್ನೊತ್ತುವುದು. ನಮ್ಮ ಉಪಾಧ್ಯಾಯಿನಿಯವರು ಮಾಡಿದ್ದು ಇದನ್ನೇ. ಗಣಕಯಂತ್ರದ ಮಟ್ಟಿಗೆ ಆ ಎಂಟು ಘಾತಾಂಕವಲ್ಲ. ಎತ್ತರದ ಪಾದರಕ್ಷೆ ಮೆಟ್ಟಿದ ಮಾಮೂಲು ಎಂಟು. ದಪ್ಪಕ್ಷರ, ಓರೆಯಕ್ಷರ, ಬಣ್ಣಗಳಂತೆ ಈ ಏರಿಕೆಯೂ ಬರಿಯ ಅಲಂಕಾರ. ಅಲಂಕಾರವನ್ನು ಒಯ್ಯದ ಸಂದೇಶದಲ್ಲಿ ಕಳುಹಿಸಿದೊಡನೆ ಪಾದರಕ್ಷೆ ಕಳಚಿತು, ಎಂಟು ನೆಲಕ್ಕಿಳಿಯಿತು.

ಇದರಲ್ಲಿ ನಗುವ ವಿಷಯ ಮಾತ್ರವಿಲ್ಲ. ಗ್ರೀಕ್ ಅಕ್ಷರಗಳಿಗಾಗಿ 'ಸಿಂಬಲ್' ಎಂಬ ಫಾಂಟನ್ನು ಬಳಸುವ ರೂಢಿ ಬಹುಕಾಲ ನಡೆದುಬಂದಿದೆ. ಅದರಲ್ಲಿ ಇಂಗ್ಲಿಷಿನ 'ಎಂ' ಕೀಲಿಯನ್ನೊತ್ತಿದರೆ 'ಮ್ಯೂ' ಎಂಬ ಗ್ರೀಕ್ ಅಕ್ಷರ ಕಾಣಿಸುತ್ತದೆ. ಮೈಕ್ರೋಗ್ರಾಂ ಎನ್ನಲು ಬಳಸುವುದು ಆ ಅಕ್ಷರವನ್ನೇ. ಬರಹವು ಬೇರೊಂದು ಕಡೆಗೆ ಹೋಗಿ ಫಾಂಟು ಕಳಚಿದರೆ ಒಳಗಿದ್ದ 'ಎಂ' ಹೊರಬೀಳುತ್ತದೆ. ಮೈಕ್ರೋಗ್ರಾಂ ಮಿಲಿಗ್ರಾಂ ಆಗಿಬಿಡುತ್ತದೆ. ಒಂದಕ್ಕೆ ಸಾವಿರದಷ್ಟು ವ್ಯತ್ಯಾಸ! ಔಷಧದ ಪ್ರಮಾಣವನ್ನು ಬರೆಯುವಲ್ಲಿ ಇದರ ಪರಿಣಾಮವೇನಾದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂತಹ ಕಡೆ ಚಿಹ್ನೆಯನ್ನು ಬಿಟ್ಟು 'ಮೈಕ್ರೋಗ್ರಾಂ' ಎಂದು ಪೂರ್ತಿಯಾಗಿ ಬರೆಯುವುದೇ ಕ್ಷೇಮ.

ಕನ್ನಡಿಗರಿಗೆ ಈ ಅನುಭವ ಹೊಸದಲ್ಲ. ಹಳೆಯ ಕನ್ನಡ ಫಾಂಟುಗಳಲ್ಲಿ ಬರೆದ ಪತ್ರವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದಾಗ, ಅಂದವಾದ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಗುರುತುಗಳ ಸಂತೆ ಕಾಣಿಸಿದ್ದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಅಲ್ಲಿಯೂ ಆದದ್ದು ಇದೇ: ಕನ್ನಡವು ವೇಷವಾಗಿತ್ತೇ ಹೊರತು ಒಳಗಿನ ಅಕ್ಷರವಾಗಿರಲಿಲ್ಲ. ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆಯನ್ನು ಕೊಡುವ ಯೂನಿಕೋಡ್ ಬಳಕೆಗೆ ಬಂದ ಮೇಲೆ ಆ ಕಾಟ ತಗ್ಗಿತು.

ಎರಡನೆಯ ದಾರಿ, ಸೂತ್ರವನ್ನು ಬೇರೆಲ್ಲಿಂದಲೋ ಚಿತ್ರವಾಗಿ ತಂದು ಅಂಟಿಸುವುದು. ಇದು ಕೆಳಗಿಳಿಯುವುದಿಲ್ಲ, ನಿಜ. ಆದರೆ ಒಂದು ಅಂಕಿ ತಪ್ಪಿದ್ದರೆ ತಿದ್ದುವಂತಿಲ್ಲ, ದೊಡ್ಡದು ಮಾಡಿದರೆ ಮಸುಕಾಗುತ್ತದೆ, ಹುಡುಕಿದರೆ ಸಿಗುವುದಿಲ್ಲ.

ಮೂರನೆಯದೇ ರಾಜಮಾರ್ಗ: ಸೂತ್ರಕ್ಕೆಂದೇ ಇರುವ ಪೆಟ್ಟಿಗೆಯಲ್ಲಿ ಬರೆಯುವುದು. ವರ್ಡ್ ತಂತ್ರಾಂಶದಲ್ಲಿ 2007ರ ಆವೃತ್ತಿಯಿಂದ ಇದು ಅಡಕವಾಗಿದೆ. 'ಇನ್ಸರ್ಟ್' ಎಂಬಲ್ಲಿ 'ಈಕ್ವೇಷನ್' ಎಂಬುದನ್ನು ಆರಿಸಬೇಕು. ಇಲ್ಲವೆ 'ಆಲ್ಟ್' ಕೀಲಿಯನ್ನು ಒತ್ತಿಹಿಡಿದು ಸಮಚಿಹ್ನೆಯ ಕೀಲಿಯನ್ನೊತ್ತಿದರೂ ಆಯಿತು. ಒಂದು ಪುಟ್ಟ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅದರೊಳಗೆ 10^8 ಎಂದು ಬರೆದು ಅಂತರದ ಉದ್ದನೆಯ ಕೀಲಿಯನ್ನೊತ್ತಿ. ಟೋಪಿಯಂತಹ ಆ ಗುರುತು ಮಾಯವಾಗಿ ಎಂಟು ತಾನಾಗಿ ಮೇಲೇರುತ್ತದೆ. ಈ ಎಂಟು ವೇಷಧಾರಿಯಲ್ಲ. ತಾನು ಘಾತಾಂಕವೆಂಬುದು ಯಂತ್ರಕ್ಕೂ ತಿಳಿದಿದೆ.

ಕೈಯಾರೆ ಒಂದು ಸೂತ್ರ

ಚಿತ್ರಕಾರರೂ ಗಣಿತಜ್ಞರೂ ಮೆಚ್ಚುವ ಸುವರ್ಣಾನುಪಾತವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ: ಒಂದಕ್ಕೆ ಐದರ ವರ್ಗಮೂಲವನ್ನು ಕೂಡಿಸಿ, ಬಂದದ್ದನ್ನು ಎರಡರಿಂದ ಭಾಗಿಸಬೇಕು. ಪೆಟ್ಟಿಗೆಯಲ್ಲಿ ಮೊದಲು ಆವರಣವನ್ನು ತೆರೆದು, ಒಂದು ಮತ್ತು ಕೂಡುವ ಚಿಹ್ನೆಯನ್ನು ಬರೆಯಿರಿ. ಬಳಿಕ ಎಡಕ್ಕೆ ವಾಲಿದ ಓರೆಗೆರೆಯ ಕೀಲಿಯನ್ನೊತ್ತಿ, ಅದಕ್ಕೆ ತಗಲಿದಂತೆ ಎಸ್, ಕ್ಯೂ, ಆರ್, ಟಿ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಬರೆದು ಅಂತರ ಕೊಟ್ಟರೆ ವರ್ಗಮೂಲದ ಚಿಹ್ನೆ ಬರುತ್ತದೆ. ಐದನ್ನು ಬರೆದು ಆವರಣವನ್ನು ಮುಚ್ಚಿ. ಆಮೇಲೆ ಬಲಕ್ಕೆ ವಾಲಿದ ಓರೆಗೆರೆ, ಎರಡು, ಮತ್ತೆ ಅಂತರ. ಕೂಡಲೇ ಇಡೀ ಆವರಣ ಮೇಲೇರಿ ಅಂಶವಾಗುತ್ತದೆ, ಎರಡು ಕೆಳಗಿಳಿದು ಛೇದವಾಗುತ್ತದೆ. ಸೋಜಿಗವೆಂದರೆ, ಬರೆದ ಆವರಣ ಆಗ ಕಾಣದಾಗುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಭಾಗಿಸಬೇಕೆಂಬುದನ್ನು ತಿಳಿಸುವುದಷ್ಟೇ ಅದರ ಕೆಲಸ. ಗೆರೆ ಬಂದ ಮೇಲೆ ಅದು ಬೇಡ.

ಆವರಣವನ್ನು ಮರೆತರೇನು? (1+√5)/2 ಎಂಬುದರ ಬೆಲೆ ಸುಮಾರು 1.618. ಆವರಣವಿಲ್ಲದ 1+√5/2 ಎಂಬುದರ ಬೆಲೆ ಸುಮಾರು 2.118. ಮೊದಲನೆಯದರಲ್ಲಿ ಇಡೀ ಮೊತ್ತವನ್ನು ಭಾಗಿಸಿತು. ಎರಡನೆಯದರಲ್ಲಿ ವರ್ಗಮೂಲವನ್ನು ಮಾತ್ರ. ಬರೆಯುವ ಮುನ್ನ ಅರ್ಥವನ್ನು ನಿಶ್ಚಯಿಸಿಕೊಳ್ಳದವನಿಗೆ ಯಂತ್ರ ಸಹಾಯ ಮಾಡಲಾರದು.

ಲಿಬ್ರೆ ಆಫೀಸಿನಲ್ಲಿ ಇದನ್ನೇ ಇಂಗ್ಲಿಷ್ ಮಾತಿನಂತೆ ಬರೆಯುತ್ತಾರೆ. ಭಿನ್ನರಾಶಿಗೆ 'ಓವರ್' ಎಂಬ ಪದ. ಗುಂಪು ಮಾಡಲು ಪುಷ್ಪಾವರಣ. ಇದು ಉಚಿತವಾಗಿ ದೊರೆಯುವ ತಂತ್ರಾಂಶವಾದ್ದರಿಂದ ಮನೆಯಲ್ಲಿ ಮಕ್ಕಳು ಅಭ್ಯಾಸ ಮಾಡಲು ಅನುಕೂಲ.

ಇಲ್ಲೊಂದು ಎಚ್ಚರಿಕೆ. ವರ್ಡ್ ತಂತ್ರಾಂಶದಲ್ಲಿ ಇದಕ್ಕೆ ಮುಂಚೆ 'ಈಕ್ವೇಷನ್ ಎಡಿಟರ್' ಎಂಬ ಬೇರೊಂದು ಉಪಕರಣವಿದ್ದಿತು. ಅದರೊಳಗೆ ಕಳ್ಳರು ನುಸುಳಬಹುದಾದ ಕಿಂಡಿಯೊಂದು ಇರುವುದು 2017ರಲ್ಲಿ ಬೆಳಕಿಗೆ ಬಂದಿತು. 2018ರ ಜನವರಿಯಲ್ಲಿ ಆ ಉಪಕರಣವನ್ನೇ ಕಿತ್ತುಹಾಕಿದರು. ಹಳೆಯ ಕಡತಗಳಲ್ಲಿನ ಸೂತ್ರಗಳು ಕಣ್ಣಿಗೆ ಕಾಣುತ್ತಿದ್ದರೂ ಅವನ್ನು ಮೊದಲಿನಂತೆ ತೆರೆದು ತಿದ್ದುವುದು ಸಾಧ್ಯವಾಗದೆ ಎಷ್ಟೋ ಮಂದಿ ಅಧ್ಯಾಪಕರು ಪೇಚಾಡಿದರು. ಮುಖ್ಯವಾದ ಟಿಪ್ಪಣಿಗಳನ್ನು ಕಾಲಕಾಲಕ್ಕೆ ತೆರೆದು ನೋಡಿ, ಹೊಸ ರೂಪಕ್ಕೆ ಬದಲಾಯಿಸಿಟ್ಟುಕೊಳ್ಳುವುದು ವಿವೇಕ.

ಕಿವಿಗೆ ಕೇಳುವ ಘಾತಾಂಕ

ಸೂತ್ರದ ಅರ್ಥವನ್ನು ಯಂತ್ರಕ್ಕೆ ತಿಳಿಸಿದರೆ ಆಗುವ ಉಪಕಾರ ಕಣ್ಣುಳ್ಳವರಿಗೆ ಮಾತ್ರವಲ್ಲ. ಪುಣೆಯಲ್ಲಿ ಬೆಳೆದ ಟಿ. ವಿ. ರಾಮನ್ ಅವರು ಹದಿನಾಲ್ಕನೆಯ ವಯಸ್ಸಿನಲ್ಲಿ ಗ್ಲಾಕೋಮಾ ರೋಗದಿಂದ ದೃಷ್ಟಿಯನ್ನು ಕಳೆದುಕೊಂಡರು. ಆದರೂ ಎದೆಗುಂದದೆ ಪುಣೆಯಲ್ಲಿ ಗಣಿತವನ್ನೂ ಮುಂಬಯಿಯ ಐ.ಐ.ಟಿ.ಯಲ್ಲಿ ಗಣಕವಿಜ್ಞಾನವನ್ನೂ ಓದಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಕ್ನೂತರ ಪದ್ಧತಿಯಲ್ಲಿ ಬರೆದ ಗಣಿತವನ್ನು ಗಟ್ಟಿಯಾಗಿ ಓದಿ ಹೇಳುವ 'ಆಸ್ಟರ್' ಎಂಬ ತಂತ್ರಾಂಶವನ್ನು ರಚಿಸಿ, 1994ರಲ್ಲಿ ಡಾಕ್ಟರೇಟ್ ಪಡೆದರು. ಅವರಿಗೆ ದಾರಿ ತೋರುತ್ತಿದ್ದ ನಾಯಿಯ ಹೆಸರೂ ಆಸ್ಟರ್.

ಆ ತಂತ್ರಾಂಶದಲ್ಲಿ ಘಾತಾಂಕ ಬಂದಾಗ ಧ್ವನಿಯ ಶ್ರುತಿ ಮೇಲೇರುತ್ತದೆ. ಅಕ್ಷರದ ಕೆಳಗೆ ಬರೆಯುವ ಪುಟ್ಟ ಅಂಕಿ ಬಂದಾಗ ಶ್ರುತಿ ಇಳಿಯುತ್ತದೆ. ಕಣ್ಣಿಗೆ ಕಾಣುವ ಎತ್ತರ ಕಿವಿಗೆ ಕೇಳುವ ಎತ್ತರವಾಯಿತು! ಬರೆದವರು ಎಂಟನ್ನು ಘಾತಾಂಕವೆಂದು ಗುರುತಿಸಿದ್ದರಿಂದಲ್ಲವೆ ಇದು ಸಾಧ್ಯವಾದದ್ದು? ಸೂತ್ರವು ಬರಿಯ ಚಿತ್ರವಾಗಿದ್ದರೆ ಯಂತ್ರ ಮೂಕವಾಗಿ ಕುಳಿತಿರುತ್ತಿತ್ತು. ಗಣಿತವನ್ನು ಹೀಗೆ ಅರ್ಥಸಹಿತವಾಗಿ ಸಾಗಿಸಲು 1998ರಲ್ಲಿ 'ಮ್ಯಾಥ್ ಎಂ.ಎಲ್.' ಎಂಬ ಒಂದು ಸಾಮಾನ್ಯ ಪದ್ಧತಿಯೂ ರೂಪುಗೊಂಡಿತು. ದೃಷ್ಟಿಹೀನ ವಿದ್ಯಾರ್ಥಿಗಳು ತೆರೆಯನ್ನು ಓದಿಹೇಳುವ ತಂತ್ರಾಂಶಗಳ ನೆರವಿನಿಂದ ಇಂದು ಸೂತ್ರಗಳನ್ನು ಭಾಗಭಾಗವಾಗಿ ಕೇಳಿಸಿಕೊಳ್ಳಬಲ್ಲರು. ಆದರೆ ನಾವು ಅವನ್ನು ಸರಿಯಾದ ಪೆಟ್ಟಿಗೆಯಲ್ಲಿ ಬರೆದಿರಬೇಕು.

ಇಷ್ಟನ್ನೆಲ್ಲ ಅಂದು ಸಂಜೆ ನಾವು ಮಾತನಾಡಿಕೊಂಡೆವು. ಉಪಾಧ್ಯಾಯಿನಿಯವರು ನಮ್ಮ ಗಣಕಯಂತ್ರದ ಮುಂದೆ ಕುಳಿತು ಅದೇ ಪ್ರಶ್ನೆಯನ್ನು ಪೆಟ್ಟಿಗೆಯೊಳಗೆ ಬರೆದರು. ಅದನ್ನು ಬರಿಯ ಸಂದೇಶಕ್ಕೆ ಕಾಪಿ ಮಾಡಿ ನೋಡಿದರು. ಎಂಟು ಮೇಲೆ ಕೂರಲಿಲ್ಲವಾದರೂ, 10^8 ಎಂದು ತನ್ನ ಟೋಪಿಯನ್ನು ಮುಂದಿಟ್ಟುಕೊಂಡೇ ಹೋಯಿತು. ಅದನ್ನು ಕಂಡವರು ನೂರ ಎಂಟು ಎಂದು ಮೋಸಹೋಗುವಂತಿರಲಿಲ್ಲ.

"ಹಾಗಾದರೆ ಆ ಹುಡುಗಿಯ ಅಂಕ?" ಎಂದು ಕೇಳಿದೆ.

"ಪೂರ್ತಿ ಕೊಡುತ್ತೇನೆ. ಉಳಿದವರು ಬರೆದದ್ದೂ ಸರಿಯಾದ ಉತ್ತರವೇ, ಅವರಿಗೂ ಕೊಡುತ್ತೇನೆ. ಆದರೆ ನಾಳೆ ತರಗತಿಯಲ್ಲಿ ನಿಂತು ತಪ್ಪು ನಮ್ಮದೆಂದು ಹೇಳಬೇಕು. ಅಚ್ಚಾದದ್ದನ್ನು ನಂಬಿ ಲೆಕ್ಕ ಮಾಡಿದವಳು ಅವಳೊಬ್ಬಳೇ. ಅವಳ ನಂಬಿಕೆ ಕೆಡಬಾರದು" ಎಂದರು.

ಮರುದಿನ ಅವರು ಹಾಗೆಯೇ ಮಾಡಿದರಂತೆ. ಮುಂದಿನ ಪರೀಕ್ಷೆಯಿಂದ ಆ ಶಾಲೆಯಲ್ಲಿ ಒಂದು ಹೊಸ ನಿಯಮ ಜಾರಿಗೆ ಬಂದಿದೆ: ಪ್ರಶ್ನೆಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಅದನ್ನು ರಚಿಸಿದವರೇ ಕಾಗದದ ಮೇಲಿನ ಪ್ರತಿಯನ್ನು ಕೈಯಲ್ಲಿ ಹಿಡಿದು, ಪ್ರತಿಯೊಂದು ಲೆಕ್ಕವನ್ನೂ ತಾವೇ ಮಾಡಿ ನೋಡಬೇಕು. ಯಂತ್ರ ಎಷ್ಟೇ ಜಾಣನಾದರೂ, ಈ ಕೊನೆಯ ಕೆಲಸ ಮಾತ್ರ ಮನುಷ್ಯನದೇ.